ಆರರಿಂದ ಎಂಟರವರೆಗೆ: ರಾಂಜಣಗಾಂವದ ಕನ್ನಡ ಮಕ್ಕಳು ಮತ್ತು ಪ್ರೌಢಶಾಲೆಯ ಸಿದ್ಧತೆ

ಪುಣೆ–ಅಹಿಲ್ಯಾನಗರ ಹೆದ್ದಾರಿಯಲ್ಲಿ ಪುಣೆಯಿಂದ ಸುಮಾರು 50 ಕಿ.ಮೀ. ದೂರದಲ್ಲಿರುವ ಶಿರೂರು ತಾಲ್ಲೂಕಿನ ರಾಂಜಣಗಾಂವವು ಅಷ್ಟವಿನಾಯಕ ಕ್ಷೇತ್ರಗಳಲ್ಲೊಂದಾದ ಮಹಾಗಣಪತಿಯ ಊರೆಂದು ಹೆಸರಾಗಿದ್ದು, ಎಂ.ಐ.ಡಿ.ಸಿ. ಎಂದು ಎಲ್ಲರೂ ಕರೆಯುವ ಕೈಗಾರಿಕಾ ಪ್ರದೇಶ ಬೆಳೆದ ಮೇಲೆ ಹಲವು ಭಾಷೆಗಳ ದುಡಿಯುವ ಜನರ ಊರೂ ಆಗಿದೆ. ಕಲಬುರಗಿ, ಯಾದಗಿರಿ, ವಿಜಯಪುರ, ಬೀದರ ಜಿಲ್ಲೆಗಳಿಂದ ಪುಣೆಯ ಸುತ್ತಮುತ್ತ ಕಟ್ಟಡ ಕೆಲಸಕ್ಕೂ ಕಾರ್ಖಾನೆಗಳಿಗೂ ಬರುವ ಕುಟುಂಬಗಳ ಮಕ್ಕಳಲ್ಲಿ, ಐದನೆಯ ಅಥವಾ ಆರನೆಯ ತರಗತಿಯನ್ನು ಕನ್ನಡದಲ್ಲಿ ಓದಿ ಮುಂದಿನದನ್ನು ಮರಾಠಿಯಲ್ಲಿ ಓದಬೇಕಾದವರ ವಿಚಾರವನ್ನೇ ಈ ಅಧ್ಯಕ್ಷ ಭಾಷಣವು ಸಮ್ಮೇಳನದ ಮುಂದಿಡುತ್ತದೆ. ಒಂಬತ್ತು, ಹತ್ತನೆಯ ತರಗತಿಗಳಲ್ಲಿ ಕಾಣಿಸಿಕೊಳ್ಳುವ ಸೋಲು ಬಹುಪಾಲು ಆರರಿಂದ ಎಂಟರ ನಡುವೆಯೇ ಆರಂಭವಾಗಿರುತ್ತದೆ ಎಂಬುದು ಇಲ್ಲಿ ಪ್ರತಿಪಾದಿಸಲಾಗುತ್ತಿರುವ ಮಾತು.

ಕರ್ನಾಟಕದಲ್ಲಿ ಹಿರಿಯ ಪ್ರಾಥಮಿಕವೆಂದೂ ಮಹಾರಾಷ್ಟ್ರದಲ್ಲಿ ಉಚ್ಚ ಪ್ರಾಥಮಿಕವೆಂದೂ ಕರೆಯಲಾಗುವ ಈ ಹಂತವನ್ನು 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಧ್ಯಮ ಹಂತವೆಂದು ಗುರುತಿಸಿದೆ. ಅಲ್ಲಿಯವರೆಗೆ ಓದುವುದನ್ನು ಕಲಿತ ಮಗು ಇಲ್ಲಿಂದ ಮುಂದೆ ಓದಿ ಕಲಿಯಬೇಕಾಗುತ್ತದೆ. ಒಬ್ಬರೇ ಗುರುಗಳು ಎಲ್ಲವನ್ನೂ ಹೇಳಿಕೊಡುತ್ತಿದ್ದ ತರಗತಿಯ ಬದಲು ವಿಷಯಕ್ಕೊಬ್ಬ ಶಿಕ್ಷಕರಿರುವ ತರಗತಿಗೆ ಹೊಂದಿಕೊಳ್ಳಬೇಕಾಗುತ್ತದೆ. ಗಣಿತದಲ್ಲಿ ಋಣ ಸಂಖ್ಯೆಗಳು ಬಂದು, ಸಂಖ್ಯೆಯ ಸ್ಥಾನದಲ್ಲಿ ಅಕ್ಷರವನ್ನಿಟ್ಟು ಲೆಕ್ಕ ಮಾಡುವ ಬೀಜಗಣಿತವು ಪ್ರಾರಂಭವಾಗುತ್ತದೆ. ಭಿನ್ನರಾಶಿಯನ್ನು ಕೂಡಿಸಲು ತಡವರಿಸುವ ವಿದ್ಯಾರ್ಥಿಗೆ ಒಂಬತ್ತನೆಯ ತರಗತಿಯ ಸಮೀಕರಣವು ಅರ್ಥವಾಗದಿದ್ದರೆ ಅದನ್ನು ಜಾಣತನದ ಕೊರತೆಯೆಂದು ಎಣಿಸುವುದು ಅನ್ಯಾಯ, ಏಕೆಂದರೆ ಕೊರತೆಯು ಮೂರು ವರ್ಷ ಹಿಂದಿನ ಪಾಠದ್ದು.

ರಾಜ್ಯ ಬದಲಿಸಿದ ಮಗುವಿಗೆ ಈ ಕಷ್ಟ ಇಮ್ಮಡಿಯಾಗುತ್ತದೆ. ಕರ್ನಾಟಕದ ಕನ್ನಡ ಮಾಧ್ಯಮದ ಗಣಿತ ಪುಸ್ತಕದಲ್ಲಿ ಅಂತರರಾಷ್ಟ್ರೀಯ ಅಂಕಿಗಳಿದ್ದರೆ, ಮರಾಠಿ ಮಾಧ್ಯಮದಲ್ಲಿ ರೂಢಿಯಲ್ಲಿರುವುದು ದೇವನಾಗರಿ ಅಂಕಿಗಳು; ಅಲ್ಲಿಯ ಭಿನ್ನರಾಶಿ ಇಲ್ಲಿ ಅಪೂರ್ಣಾಂಕ, ಅಲ್ಲಿಯ ಲ.ಸಾ.ಅ. ಇಲ್ಲಿ ಲಸಾವಿ. ಕರ್ನಾಟಕದಲ್ಲಿ ಹಿಂದಿಯನ್ನು ತೃತೀಯ ಭಾಷೆಯಾಗಿ ಆರನೆಯ ತರಗತಿಯಿಂದ ಕಲಿಸುವುದರಿಂದ, ಆರನೆಯದನ್ನು ಮುಗಿಸಿ ಬಂದವರಿಗೆ ದೇವನಾಗರಿ ಲಿಪಿಯ ಪರಿಚಯ ತಕ್ಕಮಟ್ಟಿಗಾದರೂ ಇರುತ್ತದೆ. ಐದನೆಯದನ್ನು ಮುಗಿಸಿ ಬಂದವರು ಅಕ್ಷರದಿಂದಲೇ ತೊಡಗಬೇಕು. ಈ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಶಾಲೆಯು, ಲೆಕ್ಕ ಬಲ್ಲ ಮಗುವನ್ನು ಲಿಪಿ ತಿಳಿಯದ ಕಾರಣಕ್ಕಾಗಿಯೇ ದಡ್ಡನೆಂದು ಪಟ್ಟಿ ಮಾಡಿಬಿಡುವ ಅಪಾಯವಿದೆ.

ಕಾನೂನಿನ ಆಸರೆಯೂ ಈ ಹಂತದೊಂದಿಗೇ ಮುಗಿಯುತ್ತದೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು 6ರಿಂದ 14 ವರ್ಷದವರಿಗೆ, ಎಂಟನೆಯ ತರಗತಿಯವರೆಗೆ, ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ಕೊಡುತ್ತದೆ. ಕನ್ನಡಿಗರು ಟಿ.ಸಿ. ಎಂದೂ ಇಲ್ಲಿಯವರು ದಾಖಲಾ ಎಂದೂ ಹೇಳುವ ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶವನ್ನು ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೆ ಸೇರಿದ, ಶಾಲೆ ಬಿಟ್ಟಿದ್ದ ಮಗುವಿಗೆ ವಿಶೇಷ ತರಬೇತಿ ಪಡೆಯುವ ಹಕ್ಕಿದೆ. ಆರರಿಂದ ಎಂಟರವರೆಗೆ ವರ್ಷಕ್ಕೆ ಕನಿಷ್ಠ 220 ದಿನ ಪಾಠ ನಡೆಯಬೇಕು. ವಿಜ್ಞಾನ–ಗಣಿತಕ್ಕೆ, ಸಮಾಜ ವಿಜ್ಞಾನಕ್ಕೆ, ಭಾಷೆಗಳಿಗೆ ಕನಿಷ್ಠ ಒಬ್ಬೊಬ್ಬ ಶಿಕ್ಷಕರಿರಬೇಕು. ಒಂಬತ್ತನೆಯ ತರಗತಿಯ ಬಾಗಿಲಲ್ಲಿ ಈ ರಕ್ಷಣೆ ಮುಗಿಯುವುದರಿಂದ, ಕಲಿಕೆಯ ಕೊರತೆಯನ್ನು ತುಂಬಿಸಲು ಸರ್ಕಾರವನ್ನು ಹಕ್ಕಿನಿಂದ ಕೇಳಬಹುದಾದ ಕೊನೆಯ ಕಾಲವು ಇದೇ ಆಗಿದೆ.

ಹೆಚ್ಚಿನ ಜನರ ಗಮನಕ್ಕೆ ಬಾರದ ಸಾಧನವೊಂದು ಪುಣೆಯಲ್ಲಿಯೇ ಸಿದ್ಧವಾಗುತ್ತಿದೆ. 1967ರಲ್ಲಿ ಸ್ಥಾಪನೆಯಾದ, ಬಾಲಭಾರತಿ ಎಂದೇ ಪರಿಚಿತವಾದ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳವು ಜತ್ತ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದಂಥ ಗಡಿ ತಾಲ್ಲೂಕುಗಳ ಕನ್ನಡ ಶಾಲೆಗಳಿಗಾಗಿ ಕನ್ನಡದಲ್ಲಿಯೂ ಪುಸ್ತಕಗಳನ್ನು ಪ್ರಕಟಿಸುತ್ತದೆ. ಪಠ್ಯಕ್ರಮವು ಒಂದೇ ಆಗಿರುವುದರಿಂದ, ಏಳನೆಯ ತರಗತಿಯ ವಿಜ್ಞಾನದ ಪಾಠವನ್ನು ಮನೆಯಲ್ಲಿ ಕನ್ನಡದಲ್ಲಿ ಓದಿಕೊಂಡ ಮಗು ಮರುದಿನ ಅದೇ ವಿಷಯವನ್ನು ಮರಾಠಿಯಲ್ಲಿ ಕೇಳಿದಾಗ ವಿಷಯ ಮತ್ತು ಭಾಷೆ ಎರಡರೊಡನೆ ಏಕಕಾಲಕ್ಕೆ ಹೆಣಗಬೇಕಾಗುವುದಿಲ್ಲ. ಇದರಿಂದ ಮರಾಠಿಯ ಕಲಿಕೆಗೆ ಧಕ್ಕೆಯಾಗದು. 2020ರ ಕಾಯ್ದೆಯಂತೆ ಈ ರಾಜ್ಯದ ಶಾಲೆಗಳಲ್ಲಿ ಮರಾಠಿ ಕಡ್ಡಾಯವಾಗಿದೆ, ಮತ್ತು ಇಲ್ಲಿ ಬಾಳಬೇಕಾದ ಮಕ್ಕಳಿಗೆ ಅದು ಬೇಕೇ ಬೇಕು. ಆದರೆ ಮರಾಠಿ ಬರುವವರೆಗೆ ವಿಜ್ಞಾನವು ಕಾಯಬೇಕಿಲ್ಲ.

ಎಂಟನೆಯ ತರಗತಿಯಲ್ಲಿ ನಡೆಯುವ ರಾಷ್ಟ್ರೀಯ ಸಾಧನ ಮತ್ತು ಪ್ರತಿಭಾ ವಿದ್ಯಾರ್ಥಿವೇತನ ಪರೀಕ್ಷೆಯ ಮಾತೂ ಇಲ್ಲಿ ಅಗತ್ಯ. ಸರ್ಕಾರಿ, ಸ್ಥಳೀಯ ಸಂಸ್ಥೆಗಳ ಮತ್ತು ಅನುದಾನಿತ ಶಾಲೆಗಳಲ್ಲಿ ಓದುವ, ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರದ ಕುಟುಂಬಗಳ ಮಕ್ಕಳು ಇದನ್ನು ಬರೆಯಬಹುದು. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಹದಿನಾಲ್ಕು ವರ್ಷದ ಮಗ ಕೆಲಸಕ್ಕೆ ಹೋಗಬೇಕೋ ಶಾಲೆಗೆ ಹೋಗಬೇಕೋ ಎಂದು ತೂಗಿನೋಡುವ ಮನೆಯಲ್ಲಿ ಈ ಹಣ ಸಣ್ಣದಲ್ಲ. ಆದರೆ ಪರೀಕ್ಷೆಗೆ ಕೂರಲು ಏಳನೆಯ ತರಗತಿಯ ಅಂಕಗಳನ್ನು ನೋಡಲಾಗುತ್ತದೆ, ಅಂದರೆ ಸಿದ್ಧತೆಯು ಆರನೆಯದರಿಂದಲೇ ಆಗಬೇಕು.

ಆದ್ದರಿಂದ ಈ ಸಮ್ಮೇಳನವು ಪುಣೆ ಭಾಗದ ಕನ್ನಡ ಸಂಘಟನೆಗಳ ಮುಂದಿಡುವ ಕೋರಿಕೆ ಸ್ಪಷ್ಟವಾಗಿದೆ: ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಮುನ್ನ ರಾಂಜಣಗಾಂವದ ಕಾರ್ಮಿಕ ವಸತಿಗಳಿಗೆ ಹೋಗಿ ಆರರಿಂದ ಎಂಟರವರೆಗಿನ ಮಕ್ಕಳ ಪಟ್ಟಿಯನ್ನು ಮಾಡಬೇಕು, ಬಾಲಭಾರತಿಯ ಕನ್ನಡ ಮತ್ತು ಮರಾಠಿ ಪುಸ್ತಕಗಳನ್ನು ಜೊತೆಜೊತೆಯಾಗಿ ಅವರ ಕೈಗಿಡಬೇಕು, ದೇವನಾಗರಿ ಅಂಕಿ ಮತ್ತು ಭಿನ್ನರಾಶಿಗಳಿಂದ ತೊಡಗುವ ಸಂಜೆ ತರಗತಿಯೊಂದನ್ನು ವಾರದಲ್ಲಿ ಎರಡು ದಿನವಾದರೂ ನಡೆಸಬೇಕು, ಮತ್ತು ಅದಕ್ಕೆ ಊರಿನ ಮರಾಠಿ ಶಿಕ್ಷಕರನ್ನೂ ಗೌರವದಿಂದ ಕರೆಯಬೇಕು.