ಬೇಸಗೆಯ ನಾಟಕಗಳನ್ನು ನಾವೇ ಆಡೋಣ

(ಸಂಘದ ಸರ್ವಸಾಧಾರಣ ಸಭೆಯಲ್ಲಿ ಕಾರ್ಯಕಾರಿ ಮಂಡಳಿಯ ಪರವಾಗಿ ಮಾಡಿದ ಭಾಷಣ)



ಎಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಸಂಘದ ಸದಸ್ಯರೇ ಮೂರು ನಾಟಕಗಳನ್ನು ಆಡಬೇಕೆಂಬ ಸೂಚನೆ ಇಂದು ಸಭೆಯ ಮುಂದಿದೆ. ಅದರೊಡನೆ ಇನ್ನೊಂದು ಸೂಚನೆಯೂ ಬಂದಿದೆ. "ನಾವೇಕೆ ನಿದ್ದೆಗೆಡಬೇಕು? ಊರ ಕಡೆಯಿಂದ ಒಂದು ಒಳ್ಳೆಯ ಮೇಳವನ್ನು ಕರೆಸಿ ಒಂದು ರಾತ್ರಿಯ ಆಟ ಆಡಿಸಿದರೆ ಟಿಕೇಟೂ ಹೋಗುತ್ತದೆ, ಸಂಘಕ್ಕೂ ನಾಲ್ಕು ಕಾಸು ಉಳಿಯುತ್ತದೆ" ಎಂಬುದು ಅದರ ಸಾರಾಂಶ. ಹಾಗೆ ಹೇಳಿದವರು ಸಂಘದ ಹಿತಚಿಂತಕರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದುದರಿಂದ ಎರಡನ್ನೂ ತೂಗಿ ನೋಡೋಣ.

ಬೇಸಗೆಗೂ ನಾಟಕಕ್ಕೂ ನಮ್ಮಲ್ಲಿ ಹಳೆಯ ನಂಟು. ಸುಗ್ಗಿ ಮುಗಿದು ಕಣ ಬರಿದಾದ ಮೇಲೆ ಊರಲ್ಲಿ ಜಾತ್ರೆ. ಜಾತ್ರೆಯೆಂದ ಮೇಲೆ ನಾಟಕ. ಕರಾವಳಿಯಲ್ಲಿ ದೀಪಾವಳಿಯ ನಂತರ ತಿರುಗಾಟಕ್ಕೆ ಹೊರಟ ಯಕ್ಷಗಾನ ಮೇಳಗಳು ಮೇ ತಿಂಗಳ ಕೊನೆಗೆ, ಪತ್ತನಾಜೆಯ ಹೊತ್ತಿಗೆ, ಗೆಜ್ಜೆ ಬಿಚ್ಚುತ್ತವೆ. ಎಂದರೆ ನಮಗೆ ಬೇಕಾದ ಎಪ್ರಿಲ್-ಮೇ ತಿಂಗಳಲ್ಲಿ ಮೇಳದವರಿಗೆ ಊರಿನಲ್ಲಿಯೇ ಕೈತುಂಬ ಆಟ. ಅವರು ಮುಂಬಯಿಗೆ ಬರುವುದು ಮಳೆಗಾಲದಲ್ಲಿ. ಆಗ ಬರಲಿ, ನಾವೆಲ್ಲರೂ ಟಿಕೇಟು ಕೊಂಡು ನೋಡೋಣ. ಬೇಸಗೆ ನಮ್ಮ ಪಾಲಿಗಿರಲಿ.

"ಮರಾಠಿ ನಾಟಕದ ಈ ಊರಿನಲ್ಲಿ ಕನ್ನಡದ ಹಾಡು-ನಾಟಕವನ್ನು ಯಾರು ಕೇಳುತ್ತಾರೆ?" ಎನ್ನುವವರೂ ಇದ್ದಾರೆ. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು 'ಸೀತಾ ಸ್ವಯಂವರ'ವನ್ನು ಆಡಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದರು. ಅದಕ್ಕೆ ಪ್ರೇರಣೆಯಾದುದು ಹೊನ್ನಾವರದ ಬಳಿಯ ಕರ್ಕಿಯ ಭಾಗವತರ ಆಟ. 1880ರಲ್ಲಿ ಪುಣೆಯಲ್ಲಿ 'ಶಾಕುಂತಲ'ವನ್ನು ಸಂಗೀತ ನಾಟಕವಾಗಿ ಆಡಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅತ್ತ ಗದಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕಕ್ಕೆ ಮಂಡಳಿ ಕಟ್ಟಿದುದು ಮರಾಠಿ ಕಂಪನಿಗಳ ಭರಾಟೆಯನ್ನು ಕಂಡು. ಹೀಗೆ ಕೊಟ್ಟದ್ದೂ ಇದೆ, ಕೊಂಡದ್ದೂ ಇದೆ. ಪೇಟಿ-ತಬಲ ಇಟ್ಟು ಕನ್ನಡ ಹಾಡು ಹಾಡಿದರೆ ನೆರೆಮನೆಯ ಮರಾಠಿ ಬಂಧುವೂ ಬಂದು ಕೂಡುತ್ತಾನೆ.

ದುಡಿಯುವವರು ನಾಟಕ ಆಡುವುದು ಈ ನಗರಕ್ಕೆ ಹೊಸದಲ್ಲ. ಪರಳದ ದಾಮೋದರ ಸಭಾಗೃಹದಲ್ಲಿ ಗಿರಣಿ ಕಾಮಗಾರರು ತಾವೇ ಬಣ್ಣ ಹಚ್ಚಿ ಆಡುತ್ತಿದ್ದರು. ಅಣ್ಣಾಭಾವೂ ಸಾಠೆ, ಅಮರ ಶೇಖ, ಗವಾಣಕರ ಇವರು 1944ರಲ್ಲಿ ಕಟ್ಟಿದ ಲಾಲ್ ಬಾವಟಾ ಕಲಾಪಥಕ ಬೆಳೆದದ್ದು ಇದೇ ಜನರ ನಡುವೆ. 1982ರ ಜನವರಿಯಲ್ಲಿ ಆರಂಭವಾದ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಭೋಂಗಾ ನಿಂತಿತು, ಚಾಳಿನ ಜನ ಚದರಿಹೋದರು. ಆದರೆ ಪಾಳಿ ಮುಗಿಸಿ ಬಂದು ತಾಲೀಮು ಮಾಡಿದ ಹಿರಿಯರು ಇಂದಿಗೂ ನಮ್ಮ ಸಭೆಯಲ್ಲಿ ಕುಳಿತಿದ್ದಾರೆ. ಅವರಿಗೆ ರಾಗ ನೆನಪಿದೆ, ತಾಳ ಕೈಯಲ್ಲಿದೆ. ಕಲಿತುಕೊಳ್ಳುವುದಿದ್ದರೆ ಈಗಲೇ ಕಲಿಯಬೇಕು.

ಇನ್ನು ಯಾವ ನಾಟಕಗಳು? ಮಂಡಳಿ ಮೂರನ್ನು ಸೂಚಿಸುತ್ತದೆ. ಮೊದಲನೆಯದು ಕೈಲಾಸಂ ಅವರ 'ಟೊಳ್ಳು ಗಟ್ಟಿ'. ಪರೀಕ್ಷೆ ಪಾಸಾದ ಮಗ ಮೇಲೋ, ಮನೆಗೆ ಆಗಿಬರುವ ಮಗ ಮೇಲೋ ಎಂದು ಕೇಳುವ ಈ ನಾಟಕ, ಶಾಲೆ ಬಿಟ್ಟು ರೈಲು ಹತ್ತಿ ಬಂದ ನಮ್ಮಂಥವರಿಗಾಗಿಯೇ ಬರೆದಂತಿದೆ. ಎರಡನೆಯದು 'ಸಂಗ್ಯಾ ಬಾಳ್ಯಾ'. ಬೈಲಹೊಂಗಲದ ಕಡೆಯ ಈ ಸಣ್ಣಾಟದಲ್ಲಿ ಗೆಳೆಯನೇ ಗೆಳೆಯನನ್ನು ಹಗೆಯ ಕೈಗೆ ಒಪ್ಪಿಸುತ್ತಾನೆ. ಹಾಡೇ ಇದರ ಜೀವ. ಹಿಮ್ಮೇಳಕ್ಕೆ ಹಿರಿಯರು ಬೇಕು. ಮೂರನೆಯದು ಜಡಭರತರ 'ಸತ್ತವರ ನೆರಳು'. ಬಿ. ವಿ. ಕಾರಂತರು ದಾಸರ ಪದಗಳಿಗೆ ರಾಗ ಹಾಕಿ ಇದನ್ನು ನಾಡಿನ ಬಾಯಲ್ಲಿ ನಿಲ್ಲಿಸಿದರು.

ತೊಡಕುಗಳನ್ನೂ ಮುಚ್ಚಿಡಬಾರದು. ಬೇಸಗೆಯೆಂದರೆ ಹೋಟೆಲಿನ ಹುಡುಗರು ರಜೆ ಪಡೆದು ಊರಿಗೆ ಹೋಗುವ ಕಾಲ. ತಾಲೀಮಿನ ನಡುವೆ ನಾಯಕನೇ ಊರಿಗೆ ಹೊರಟರೆ ಮಾಡುವುದೇನು? ಪ್ರತಿಯೊಂದು ಮುಖ್ಯ ಪಾತ್ರವನ್ನೂ ಇಬ್ಬರು ಕಲಿಯಲಿ. ಇಬ್ಬರೂ ಒಂದೇ ವಾರ ರಜೆ ಹಾಕದಿರಲಿ. ತಾಲೀಮು ರಾತ್ರಿ, ಕೊನೆಯ ಮೇಜು ಒರೆಸಿ ಬಾಗಿಲು ಎಳೆದ ಮೇಲೆ. ಓದು ಬರೆಹ ಅಷ್ಟಾಗಿ ಬಾರದವರಿಗೆ ಬಲ್ಲವರು ಮಾತು ಹೇಳಿಕೊಡಲಿ. ಮಾತು ಬಾಯಿಪಾಠವಾದ ಮೇಲೆ ಅದೇ ಪುಟವನ್ನು ಕೈಗೆ ಕೊಟ್ಟರೆ ಅಕ್ಷರವೂ ಬೇಗ ಒಲಿಯುತ್ತದೆ.

ಹೆಣ್ಣು ಪಾತ್ರಗಳನ್ನು ನಮ್ಮ ಸೋದರಿಯರೇ ಮಾಡಬೇಕೆಂಬುದು ಮಂಡಳಿಯ ಇಚ್ಛೆ. ಏಣಗಿ ಬಾಳಪ್ಪನವರು ಸ್ತ್ರೀಪಾತ್ರ ಮಾಡಿ ಮೆಚ್ಚುಗೆ ಪಡೆದ ಕಾಲ ಹಿಂದಾಯಿತು. ಗುಬ್ಬಿ ಕಂಪನಿಯಲ್ಲಿ ಬಿ. ಜಯಮ್ಮನವರು ರಂಗದ ಮೇಲೆ ನಿಂತು ಎಷ್ಟೋ ವರುಷಗಳಾದವು. ಆದರೆ ಬರಿಯ ಕರೆ ಸಾಲದು. ಅವರ ತಾಲೀಮು ಭಾನುವಾರ ಹಗಲಿನಲ್ಲಿರಬೇಕು. ಸಂಜೆಯಾದರೆ ಮನೆಯವರೆಗೆ ಜೊತೆ ಹೋಗುವ ಏರ್ಪಾಡು ಸಂಘದ್ದು.

ಕಾಗದಪತ್ರದ ಕೆಲಸವೂ ಇದೆ. ಹಕ್ಕುದಾರರಿಗೆ ಬರೆದು ಅನುಮತಿ ತರಿಸಬೇಕು. ಮಹಾರಾಷ್ಟ್ರದಲ್ಲಿ ನಾಟಕದ ಪ್ರತಿಯನ್ನು ಪರಿನಿರೀಕ್ಷಣ ಮಂಡಳಿಗೆ ಮುಂಚಿತವಾಗಿ ಸಲ್ಲಿಸಿ ಪ್ರಮಾಣಪತ್ರ ಪಡೆಯತಕ್ಕದ್ದು. ಇದನ್ನು ಕೊನೆಯ ವಾರಕ್ಕೆ ಬಿಡುವಂತಿಲ್ಲ.

ಹಣದ ಮಾತು ಉಳಿಯಿತು. ಹೊರಗಿನ ಆಟ ಕರೆಸಿದರೆ ಹೆಚ್ಚು ಉಳಿಯಬಹುದು, ನಿಜ. ಆದರೆ ವರುಷವಿಡೀ 'ಏ ಹುಡುಗಾ, ಎರಡು ಚಹಾ' ಎಂದು ಕರೆಸಿಕೊಳ್ಳುವವನ ಹೆಸರು ಕರಪತ್ರದಲ್ಲಿ ಅಚ್ಚಾಗುವುದು, ಅವನು ಬಾಯಿ ತೆರೆದಾಗ ಸಭಾಗೃಹವೆಲ್ಲ ಸುಮ್ಮನೆ ಕುಳಿತು ಕೇಳುವುದು, ಇದನ್ನು ಜಮಾಖರ್ಚಿನ ಯಾವ ಕಾಲಮಿನಲ್ಲಿ ಬರೆಯೋಣ? ಸಂಘವನ್ನು ಕಟ್ಟಿದ್ದು ದುಡಿಯುವವನಿಗೆ ತಲೆಯೆತ್ತಿ ನಿಲ್ಲಲು ಒಂದು ಜಾಗ ಇರಲೆಂದು. ಬೇಸಗೆಯ ಮೂರು ರಾತ್ರಿ ರಂಗಮಂಚವೇ ಆ ಜಾಗವಾಗಲಿ.

ಮಾಲಿಕರಲ್ಲಿ ನಮ್ಮ ವಿನಂತಿ ಇಷ್ಟೆ: ಆಟದ ದಿನ ಪಾತ್ರಧಾರಿಗಳಿಗೆ ಮಧ್ಯಾಹ್ನದ ನಂತರ ಬಿಡುವು ಕೊಡಿ, ನೀವೂ ಬಂದು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಸದಸ್ಯರಲ್ಲಿ ವಿನಂತಿ: ಹಾಡಬಲ್ಲವರು, ಪರದೆ ಎಳೆಯಬಲ್ಲವರು, ಬಣ್ಣ ಹಚ್ಚಬಲ್ಲವರು ಸಭೆ ಮುಗಿದೊಡನೆ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಿರಿ. ಮೊದಲ ಸೂಚನೆಗೆ ಸಭೆ ಒಪ್ಪಿಗೆ ಕೊಡಬೇಕೆಂದು ಕೇಳಿಕೊಳ್ಳುತ್ತೇವೆ.