ಕಾರಂತರ ಕಾದಂಬರಿಗಳೂ ನಮ್ಮ ವಾಚನಾಲಯವೂ
(ದಾಂಡೇಲಿಯಲ್ಲಿ ಮಾಡಿದ ಭಾಷಣ)



ಕಾಗದ ಮಾಡುವ ಊರು ನಮ್ಮದು. ಆ ಕಾಗದದ ಮೇಲೆ ಏನು ಅಚ್ಚಾಗುತ್ತದೆಂದು ಕೇಳುವ ಹಕ್ಕು ನಮಗಿದೆ. ಆದರೆ ವಾಚನಾಲಯಕ್ಕೆ ಪುಸ್ತಕ ಕೊಳ್ಳುವಾಗ, "ದುಡಿಯುವವರ ಕಥೆಯಿದ್ದರೆ ಕೊಳ್ಳೋಣ, ಉಳಿದುದೆಲ್ಲ ಹೊಟ್ಟೆ ತುಂಬಿದವರ ಪುರಾಣ" ಎಂಬ ಮಾತು ಮೇಲಿಂದ ಮೇಲೆ ಏಳುತ್ತದೆ. ಕೂಡಿದ ವರ್ಗಣಿ ಸ್ವಲ್ಪ, ನಿಜ. ಈ ಅಳತೆಗೋಲಿನಿಂದ ಶಿವರಾಮ ಕಾರಂತರನ್ನು ಅಳೆದು ನೋಡೋಣ.

೧೯೩೩ರ 'ಚೋಮನ ದುಡಿ'ಯನ್ನು ಯಾರೂ ಬೇಡವೆನ್ನರು. ಚೋಮನಿಗೆ ಎತ್ತುಗಳಿವೆ, ಉಳಲು ಭೂಮಿಯಿಲ್ಲ. ಅಸ್ಪೃಶ್ಯನಿಗೆ ಗೇಣಿ ಕೊಡಲು ಕಟ್ಟಳೆ ಅಡ್ಡ. ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದ ಮಕ್ಕಳಲ್ಲಿ ಒಬ್ಬ ಜ್ವರ ಹೊತ್ತು ಬಂದು ಸಾಯುತ್ತಾನೆ. ಉಳಿದದ್ದು ದುಡಿಯೊಂದೇ.

ಅದೇ ಕೈ ೧೯೪೩ರಲ್ಲಿ 'ಬೆಟ್ಟದ ಜೀವ' ಬರೆಯಿತು. ಅದರಲ್ಲಿ ಸಿಟ್ಟಿಲ್ಲ. ಗೋಪಾಲಯ್ಯ ಕಾಡಿನಂಚಿನಲ್ಲಿ ತೋಟ ಮಾಡಿದ ಭೂಮಾಲೀಕ; ಬಂದವರಿಗೆ ಉಣಬಡಿಸುತ್ತ, ನಗಿಸುತ್ತ ಇರುವವನು. ನಮ್ಮ ಅಳತೆಯಲ್ಲಿ ಪುಸ್ತಕ ಹೊರಗೆ! ಆದರೆ ಆ ನಗೆಯ ಕೆಳಗೆ, ಮನೆ ಬಿಟ್ಟುಹೋದ ಮಗನಿಗಾಗಿ ಕಾಯುವ ಮುದುಕ ಮುದುಕಿಯರಿದ್ದಾರೆ. ಅಂಥ ಮನೆಗಳು ಹಳಿಯಾಳ, ಮುಂಡಗೋಡಗಳಲ್ಲಿ ಇಲ್ಲವೆ?

'ಕುಡಿಯರ ಕೂಸು' ಮಲೆಕುಡಿಯರ ಕಥೆ. ಜೋಯ್ಡಾದ ಕುಣಬಿ ಬಂಧುಗಳಿಗೆ ಆ ಕಾಡು ಪರಕೀಯವೆನಿಸದು. 'ಅಳಿದ ಮೇಲೆ'ಯಲ್ಲಿ ಒಬ್ಬನು ಸತ್ತವನ ಹಣ ಯಾರಿಗೆ ಸಲ್ಲಬೇಕೆಂದು ಹುಡುಕಿಕೊಂಡು ಹೊರಡುತ್ತಾನೆ. ಉದ್ರಿ ಖಾತೆ ಬರೆಯುವ ಅಂಗಡಿಕಾರ ಮಿತ್ರರು ಅದನ್ನು ಮೊದಲು ಓದಲಿ. ೧೯೬೮ರ 'ಮೂಕಜ್ಜಿಯ ಕನಸುಗಳು' ಕಾದಂಬರಿಯಲ್ಲಂತೂ ವಿಧವೆ ಅಜ್ಜಿಯೊಬ್ಬಳು ದೇವರ ಚರಿತ್ರೆಯನ್ನೇ ಬಿಚ್ಚಿಡುತ್ತಾಳೆ. ಎಲ್ಲ ಕೃತಿಗಳೂ ಸಮನಲ್ಲ. ಕೆಲವೆಡೆ ಕಥೆ ಹಿಂದೆ ಬಿದ್ದು ವಾದ ಮುಂದಾಗುತ್ತದೆ; ಓದುವವನಿಗೆ ಆಯಾಸವಾಗುತ್ತದೆ.

೧೯೮೯ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಇದೇ ಕಾರಂತರು ಕಾಳಿ ದಂಡೆಯ ಕೈಗಾ ಅಣುಸ್ಥಾವರವನ್ನು ವಿರೋಧಿಸಿ ನಮ್ಮ ಜಿಲ್ಲೆಯಿಂದಲೇ ಲೋಕಸಭೆಗೆ ನಿಂತರು; ಸೋತರು. ಸ್ಥಾವರ ಎದ್ದಿತು. ಮತ ಕೊಟ್ಟವರೂ ಕೊಡದವರೂ ಈ ಸಭೆಯಲ್ಲಿರಬಹುದು. ಆ ವಯಸ್ಸಿನವರು ಕಾಡು ಹೊಳೆಗಳಿಗಾಗಿ ಬಿಸಿಲಲ್ಲಿ ಏಕೆ ಅಲೆದರೆಂಬುದು 'ಚೋಮನ ದುಡಿ'ಯೊಂದನ್ನೇ ಓದಿದರೆ ತಿಳಿಯದು. ಅದಕ್ಕೆ ನಾವು ಹೊರಗಿಡಹೊರಟ ಗೋಪಾಲಯ್ಯನ ಮನೆಗೇ ಹೋಗಬೇಕು.

ಆದ್ದರಿಂದ ಈ ಸಲದ ವರ್ಗಣಿಯಲ್ಲಿ ಈ ಐದನ್ನೂ ತರಿಸೋಣ. 'ಚೋಮನ ದುಡಿ'ಯ ಎರಡು ಪ್ರತಿ ಇರಲಿ. ಕೈಯಿಂದ ಕೈಗೆ ಹೋಗಿ ಅದು ಬೇಗ ಹರಿಯುತ್ತದೆ.