ಇಳಿದು ಬಂದರೇನು?

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಾಧನೆಯ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಸಮಿತಿಯವರು ಹೇಳಿದ್ದಾರೆ. ನಾನು ಬಿ.ಇ. ಮುಗಿಸಿ, ಬೆಂಗಳೂರಿನ ಶೇಷಾದ್ರಿಪುರಂನಲ್ಲಿ ಮನೆ ಮಾಡಿಕೊಂಡು, ಸಾಫ್ಟ್‌ವೇರ್ ಕೆಲಸದಲ್ಲಿರುವವನು. ಪರ್ವತ ಹತ್ತಿದವನಲ್ಲ. ಆದರೆ ಹತ್ತುವವರ ಸುದ್ದಿಯನ್ನು ಮನೆಯಲ್ಲೇ ಕುಳಿತು ದಿನದಿನವೂ ಹಿಂಬಾಲಿಸುವ ಹವ್ಯಾಸ ನನಗಿದೆ. ಅದರಿಂದ ಕಲಿತ ಒಂದು ವಿಷಯವನ್ನು ಇಲ್ಲಿ ಹೇಳುತ್ತೇನೆ.

2016ರ ಮೇ ತಿಂಗಳಲ್ಲಿ ನಮ್ಮ ಹುಬ್ಬಳ್ಳಿಯ ನಂದಿತಾ ನಾಗನಗೌಡರ ಎವರೆಸ್ಟ್ ಏರಿದರು. ಅದಕ್ಕೆ ಹಿಂದಿನ ಎರಡು ವರ್ಷವೂ ಆ ಪರ್ವತದಲ್ಲಿ ದೊಡ್ಡ ದುರಂತಗಳಾಗಿದ್ದವು. 2014ರ ಏಪ್ರಿಲ್‌ನಲ್ಲಿ ಹಿಮಕುಸಿತಕ್ಕೆ 16 ಮಂದಿ ನೇಪಾಳಿ ಸಹಾಯಕರು ಬಲಿಯಾದರು. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಬೇಸ್ ಕ್ಯಾಂಪಿನ ಮೇಲೆಯೇ ಹಿಮ ಉರುಳಿತು. ಹೀಗಾಗಿ 2016ರ ಮೇ ತಿಂಗಳನ್ನು ನಾನು ಸ್ವಲ್ಪ ಅಂಜಿಕೆಯಿಂದಲೇ ನೋಡುತ್ತಿದ್ದೆ.

ಮನೆಯಿಂದ ಹಿಂಬಾಲಿಸುವುದೆಂದರೆ ಮುಕ್ಕಾಲು ಪಾಲು ಕಾಯುವುದು. ಪರ್ವತಾರೋಹಿಗಳು ಒಂದೇ ಸಲಕ್ಕೆ ಮೇಲೆ ಹೋಗುವುದಿಲ್ಲ. ಒಂದು ಶಿಬಿರದವರೆಗೆ ಏರಿ, ಕೆಳಗಿಳಿದು ಮಲಗಿ, ದೇಹ ಒಗ್ಗಿದ ಮೇಲೆ ಇನ್ನೂ ಎತ್ತರಕ್ಕೆ ಹೋಗುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಸ್ವಲ್ಪ ಮೇಲಿದೆ. ನೇಪಾಳದ ಕಡೆಯ ಬೇಸ್ ಕ್ಯಾಂಪ್ 5,300 ಮೀಟರ್‌ಗೂ ಮೇಲೆ, ಶಿಖರ 8,848 ಮೀಟರ್. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಒಂದು ಭಾಗ ಮಾತ್ರ. ಶಿಖರದ ಬಿರುಗಾಳಿ ಮೇ ತಿಂಗಳ ನಡುವಿನಲ್ಲಿ ಕೆಲವು ದಿನ ತಗ್ಗುತ್ತದೆ. ಅಷ್ಟರಲ್ಲೇ ಏರಬೇಕು, ಇಳಿಯಬೇಕು. ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ. ಆ ದಿನಗಳಲ್ಲಿ ನಾನು ಎರಡೂ ಹೊತ್ತನ್ನು ಲೆಕ್ಕ ಹಾಕುತ್ತ ಮಲಗುತ್ತಿದ್ದೆ.

ನಂದಿತಾ ಶಿಖರ ಮುಟ್ಟಿದ ಸುದ್ದಿ ಬಂತು. ಊರಿಗೆ ಫೋನ್ ಮಾಡಿ, "ನಮ್ಮ ಹುಬ್ಬಳ್ಳಿ ಹುಡುಗಿ ಎವರೆಸ್ಟ್ ಏರಿದಳು" ಅಂದೆ. ಅವ್ವ ಕೇಳಿದ್ದು ಇಷ್ಟೇ: "ಏರಿದ್ದು ಆತು, ಛಲೋ ಆತು. ಇಳದ ಬಂದಳೇನಪಾ?"

ಪರ್ವತಾರೋಹಣದ ಪುಸ್ತಕ ಯಾವುದನ್ನೂ ಓದದ ಅವ್ವ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಳು. ಶಿಖರ ಅಂದರೆ ಅರ್ಧ ದಾರಿ. ದಣಿದ ಕಾಲು, ಮುಗಿಯುತ್ತ ಬಂದ ಆಮ್ಲಜನಕ, ಕವಿಯುವ ಮೋಡ ಎಲ್ಲ ಸೇರಿಕೊಳ್ಳುವುದು ಇಳಿಯುವಾಗಲೇ. ನಂದಿತಾ ಸುರಕ್ಷಿತವಾಗಿ ಮರಳಿದರು. ಆದರೆ ಅದೇ ತಿಂಗಳು ಎವರೆಸ್ಟ್‌ಗೆ ಹೋದ ಪಶ್ಚಿಮ ಬಂಗಾಳದ ಮೂವರು ಜೀವಂತವಾಗಿ ಮರಳಲಿಲ್ಲ. ಅವರಲ್ಲಿ ಇಬ್ಬರ ದೇಹಗಳನ್ನು ಕೆಳಗೆ ತಂದದ್ದು ಮರುವರ್ಷ. ಅವರ ಮನೆಯವರೂ ನಮ್ಮ ಹಾಗೆಯೇ ಫೋನ್ ಹಿಡಿದು ಕುಳಿತಿದ್ದವರು.

ಇದರ ಜೊತೆಗೆ ಹಳೆಯ ಚರಿತ್ರೆಯೊಂದನ್ನು ನೆನೆಯಬೇಕು. 1960ರಲ್ಲಿ ಬ್ರಿಗೇಡಿಯರ್ ಗ್ಯಾನ್ ಸಿಂಗ್ ನೇತೃತ್ವದ ಭಾರತದ ಮೊದಲ ಎವರೆಸ್ಟ್ ತಂಡ 28,300 ಅಡಿಯವರೆಗೆ ಹೋಗಿ, ಗಾಳಿಯ ಹೊಡೆತಕ್ಕೆ ಹಿಂದಿರುಗಿತು. ಶಿಖರಕ್ಕೆ ಉಳಿದದ್ದು ಸುಮಾರು 700 ಅಡಿ. 1962ರಲ್ಲಿ ಜಾನ್ ಡಯಾಸ್ ಅವರ ತಂಡ ಇನ್ನೂ ಸಮೀಪ ಹೋಗಿ, ಸುಮಾರು 400 ಅಡಿ ಇರುವಾಗ ಮರಳಿತು. ನಾನೂರು ಅಡಿ ಅಂದರೆ ನಮ್ಮ ಶಾಲೆಯ ಗೇಟಿನಿಂದ ಬಸ್ ನಿಲ್ದಾಣದಷ್ಟು ದೂರ! ಅಷ್ಟು ಹತ್ತಿರದಿಂದ ಬೆನ್ನು ತಿರುಗಿಸಲು ಎಂಥ ಗಟ್ಟಿ ಮನಸ್ಸು ಬೇಕು ಎಂದು ಯೋಚಿಸಿ.

1962ರಲ್ಲಿ ಹಾಗೆ ಮರಳಿದ ಎಂ.ಎಸ್. ಕೊಹ್ಲಿ ಅವರೇ 1965ರ ತಂಡದ ನಾಯಕರಾದರು. ಆ ವರ್ಷವೂ ಮೊದಲ ಪ್ರಯತ್ನದಲ್ಲಿ ಹವಾಮಾನ ಕೆಟ್ಟು ಕೆಳಗಿಳಿದು ಕಾದರು. ಆಮೇಲೆ ಮೇ 20ರಿಂದ 29ರೊಳಗೆ ಒಂಬತ್ತು ಮಂದಿ ಶಿಖರ ಮುಟ್ಟಿದರು. 1960ರಲ್ಲಿ ಮರಳಿದ್ದ ನವಾಂಗ್ ಗೊಂಬು ಅವರಲ್ಲಿದ್ದರು. ಎರಡೂ ಸಲ ಮರಳಿದ್ದ ಸೋನಂ ಗ್ಯಾತ್ಸೊ ಕೂಡ ಇದ್ದರು. ಮರಳಿ ಬಂದದ್ದರಿಂದಲೇ ಮತ್ತೆ ಹೋಗಲು ಸಾಧ್ಯವಾಯಿತು.

ಈ ಮಾತನ್ನು ಇಲ್ಲಿ ಏಕೆ ಹೇಳುತ್ತಿದ್ದೇನೆ? ನಾವೆಲ್ಲರೂ ಮನೆಯಲ್ಲಿ ಕುಳಿತು ಯಾರನ್ನೋ ಹಿಂಬಾಲಿಸುತ್ತಿರುವವರೇ. ತಂದೆತಾಯಿ ಮಕ್ಕಳನ್ನು, ಗುರುಗಳು ಶಿಷ್ಯರನ್ನು, ಊರು ತನ್ನ ಹುಡುಗ ಹುಡುಗಿಯರನ್ನು ದೂರದಿಂದ ನೋಡುತ್ತಿರುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಬಂತು, ಕೆಲಸ ಎಲ್ಲಿ, ಸಂಬಳ ಎಷ್ಟು ಎಂದು ಕೇಳುತ್ತೇವೆ. ಇವೆಲ್ಲ ಶಿಖರದ ಪ್ರಶ್ನೆಗಳು. ನನ್ನ ಜೊತೆ ಇದೇ ಬೆಂಚಿನಲ್ಲಿ ಕುಳಿತಿದ್ದ ಗೆಳೆಯನೊಬ್ಬ ಬೆಂಗಳೂರಿನಲ್ಲಿ ಕೆಲಸ ಹೋದ ಮೇಲೆ ಊರಿಗೆ ಬಂದು ಹೊಲ ನೋಡಿಕೊಂಡಿದ್ದಾನೆ. ಇಂದಿನ ಕಾರ್ಯಕ್ರಮಕ್ಕೆ ಕರೆದರೆ, "ನಾನ್ಯಾಕ ಬರಲಿ, ನಾನೇನ ಸಾಧಿಸೀನಿ?" ಎಂದ. ಅವನು ಗಟ್ಟಿಯಾಗಿ ಮನೆಗೆ ಮರಳಿದ್ದಾನೆ. ಅದಕ್ಕೆ ಲೆಕ್ಕವಿಲ್ಲವೆಂದು ಅವನಿಗೆ ಅನ್ನಿಸಿದ್ದರೆ ಆ ಲೆಕ್ಕವನ್ನು ತಿದ್ದಬೇಕಾದವರು ನಾವು.

ಆದ್ದರಿಂದ ಸಮಿತಿಗೆ ನನ್ನದೊಂದು ವಿನಂತಿ. ಸಾಧಕರ ಫಲಕ ಇರಲಿ, ಸಂತೋಷ. ಅದರ ಜೊತೆಗೆ ಪ್ರತಿ ತಂಡದಲ್ಲೂ ಇಬ್ಬರು ಹೊಣೆ ಹೊತ್ತು, ಪರೀಕ್ಷೆಯಲ್ಲಿ ನಪಾಸಾದವರಿಗೆ, ನಡುವೆ ಶಾಲೆ ಬಿಟ್ಟವರಿಗೆ, ಊರಿಗೆ ಮರಳಿದವರಿಗೆ ವರ್ಷಕ್ಕೊಮ್ಮೆಯಾದರೂ ಫೋನ್ ಮಾಡಲಿ. ನಮ್ಮ ತಂಡದ ಮಟ್ಟಿಗೆ ಆ ಕೆಲಸ ನನ್ನದು.

ಮಕ್ಕಳೆ, ನೀವು ಎತ್ತರಕ್ಕೆ ಏರಿ. ಹವಾಮಾನ ಕೆಟ್ಟರೆ ನಾಚದೆ ಇಳಿದು ಬನ್ನಿ. ಈ ಶಾಲೆ ನಿಮ್ಮ ಬೇಸ್ ಕ್ಯಾಂಪ್. ಚಹಾ ಕಾಯಿಸಿಟ್ಟು ಕಾಯುವುದು ದೊಡ್ಡವರ ಪಾಲಿನ ಕೆಲಸ.